ಎಡಗೈಗೆ ಕಟ್ಟಿದ ಲಿಂಗ

ನನ್ನ ಸೋದರತ್ತೆ ತಾನು ಸತ್ತುಹೋಗಿದ್ದೇನೆಂದು ಒಂದು ಚಳಿಗಾಲವಿಡೀ ವಾದಿಸಿದಳು. ಸರಿಯಾಗಿ ಉಣ್ಣದೆ, ಯಾರನ್ನೂ ಹೆಸರು ಹಿಡಿದು ಕರೆಯದೆ, ಶಿಕಾರಿಪುರದ ನನ್ನ ಬಾಡಿಗೆ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ವಾದಿಸಿದಳು. ಶಿವಮೊಗ್ಗದ ಕಾಲೇಜಿನ ಚರ್ಚಾಕೂಟಗಳಲ್ಲಿ ದೆವ್ವ, ಆತ್ಮ, ಪುನರ್ಜನ್ಮಗಳನ್ನು ಸಾಲಾಗಿ ಕೆಡವಿ ಚಪ್ಪಾಳೆ ಗಿಟ್ಟಿಸಿದವನು ನಾನು. ಹೊಟ್ಟೆಗಿಲ್ಲದೆ ಅವಳು ನಿಜಕ್ಕೂ ಸಾಯುವ ಮೊದಲು ಆ ವಾದವನ್ನು ಮುರಿಯಬೇಕಿತ್ತು.

ನನ್ನನ್ನು ಸಾಕಿದವಳು ಅವಳೇ. ನಾನು ನಡೆಯುವುದನ್ನು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಜಡೆ ಎಂಬ ಊರಿನ ತವರಿಗೆ ಮರಳಿದ್ದ ಅತ್ತೆ ನನ್ನನ್ನು ಸೊಂಟಕ್ಕೇರಿಸಿಕೊಂಡಳು. ಮಾತಿಗೆ ಮಾತು ಕೊಡುವುದನ್ನೂ ಅವಳಿಂದಲೇ ಕಲಿತೆ. ಕಾಲೇಜು ಅದಕ್ಕೆ ವ್ಯಾಕರಣ ಹಾಕಿತು, ಅಷ್ಟೆ. ರಾಜ್ಯ ಒಂದಾದ ಮರುವರ್ಷ ನಾನು ಶಿಕಾರಿಪುರದ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದೆ. ಅಪ್ಪ ಗದ್ದೆ ನೋಡಿಕೊಂಡು ಜಡೆಯಲ್ಲೇ ಉಳಿದ. ಅತ್ತೆ ಮಾತ್ರ ಆಗಾಗ ಸೊರಬದ ಮೇಲಿಂದ ಬಸ್ಸು ಹಿಡಿದು, ಅಕ್ಕಿ, ಉಪ್ಪಿನಕಾಯಿ ಹೊತ್ತುಕೊಂಡು ಬಂದು ನನ್ನ ಮನೆಯಲ್ಲಿ ಕೆಲವು ದಿನ ಇದ್ದು ಹೋಗುತ್ತಿದ್ದಳು.

ಊರಿನಲ್ಲಿ ನನಗೆ ಜೊತೆಯಾಗಿ ಸಿಕ್ಕವರು ಒಬ್ಬ ವಯಸ್ಸಾದ ಡಾಕ್ಟರು. ಮೈಸೂರಿನ ಕಡೆಯವರು, ಪೇಟೆಯ ಹಿಂದೆ ಸ್ವಂತ ದವಾಖಾನೆ, ಅದರೊಳಗೆ ಆಪರೇಷನ್ನಿಗೆಂದು ಒಂದು ಕೋಣೆ. ಸಂಜೆ ನಾನು ಹೋದರೆ ಗಾಜಿನ ಬೀರುವಿನ ಬಾಗಿಲು ತೆಗೆದು ಸಲಕರಣೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತಿದ್ದರು. ಬರಿಯ ಕತ್ತರಿಯಂತೆ ಕಂಡರೂ ಕತ್ತರಿಸದೆ ರಕ್ತನಾಳವನ್ನು ಕಚ್ಚಿ ಹಿಡಿಯುವ ಆರ್ಟರಿ ಫೋರ್ಸೆಪ್ಸ್. ಅದರ ಹಿಡಿಯ ಹಲ್ಲುಗಳು ಒಂದರ ಮೇಲೊಂದು ಕೂತಾಗ ಕಟಕ್ ಕಟಕ್ ಎನ್ನುತ್ತಿದ್ದವು. ಕೊಯ್ದ ಅಂಚುಗಳನ್ನು ಎಳೆದು ಅಗಲ ಮಾಡುವ ರಿಟ್ರಾಕ್ಟರ್, ಬಾಗಿದ ಸೂಜಿಯನ್ನು ಹಿಡಿಯುವ ಗಿಡ್ಡ ಮೂತಿಯ ಇಕ್ಕಳ. ಉದ್ದಕ್ಕೂ ಕಾಲುವೆ ತೋಡಿದಂತಿದ್ದ ಒಂದು ತೆಳ್ಳನೆ ಕಡ್ಡಿಯೂ ಇತ್ತು. ಹೊರಗೆ ಸಿಕ್ಕಿಕೊಂಡ ಕರುಳಿಗೂ ಅದನ್ನು ಬಿಗಿದ ಮಾಂಸದ ಬಳೆಗೂ ನಡುವೆ ಈ ಕಡ್ಡಿಯನ್ನು ತೂರಿಸಿ, ಆ ಕಾಲುವೆಯಲ್ಲೇ ಚಾಕು ಓಡಿಸಿದರೆ ಕರುಳಿಗೆ ಗಾಯವಾಗುವುದಿಲ್ಲ ಎಂದು ಹೇಳಿಕೊಟ್ಟರು. ಪ್ರತಿಯೊಂದಕ್ಕೂ ಒಂದು ಕೆಲಸ, ಪ್ರತಿ ಕೆಲಸಕ್ಕೂ ಒಂದು ಕಾರಣ. ದೇವರ ಮನೆಯಲ್ಲಿ ನನಗೆ ಬರದ ಭಕ್ತಿ ಆ ಬೀರುವಿನ ಮುಂದೆ ಬರುತ್ತಿತ್ತು.

ಅತ್ತೆಯ ಹೊಕ್ಕುಳ ಮೇಲೆ ಬಹಳ ಕಾಲದಿಂದ ಒಂದು ಗಂಟಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಆ ಕಾರ್ತಿಕದಲ್ಲಿ ನನ್ನ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ ಹೊರಬಂದದ್ದು ಒಳಹೋಗಲಿಲ್ಲ. ಗಂಟು ಕಲ್ಲಾಯಿತು, ವಾಂತಿ ಶುರುವಾಯಿತು. ಗಾಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ತಂದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಅದು ಅವಳ ಕರಡಿಗೆಗೆ, ಕೊರಳ ದಾರದಲ್ಲಿ ಲಿಂಗವಿಟ್ಟ ಬೆಳ್ಳಿ ಭರಣಿಗೆ, ತಗುಲಿ ಸದ್ದಾಯಿತು. ಕರುಳು ಸಿಕ್ಕಿಕೊಂಡಿದೆ, ಸಂಜೆಯ ತನಕ ಬಿಟ್ಟರೆ ಕೊಳೆಯುತ್ತದೆ, ಈಗಲೇ ಕೊಯ್ಯಬೇಕು ಎಂದರು. ದಾರ, ಕರಡಿಗೆ ಎಲ್ಲ ತೆಗೆದಿಡಿ ಎಂದೂ ಹೇಳಿದರು.

ಅತ್ತೆ ಒಪ್ಪಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ ಉಸಿರಿರುವ ತನಕ ಮೈಯಿಂದ ಅಗಲಬಾರದು ಎಂಬುದು ನಮ್ಮವರ ನೇಮ. ಹಾಸ್ಟೆಲಿನಲ್ಲಿದ್ದಾಗಲೇ ನಾನು ನನ್ನದನ್ನು ಬಿಚ್ಚಿಟ್ಟಿದ್ದೆ. ಅವಳು ಆ ವಿಷಯ ಎತ್ತಿದವಳಲ್ಲ, ಆದರೆ ತನ್ನ ಲಿಂಗದ ಮಾತಿಗೆ ನಾನು ಬಾಯಿ ಹಾಕುವುದನ್ನು ಸಹಿಸುತ್ತಿರಲಿಲ್ಲ. ಚಾಕುಗಳ ಮೇಲೂ ಅವಳಿಗೆ ತಕರಾರಿತ್ತು. ಎಷ್ಟು ಜನರ ಹೊಟ್ಟೆ ಕಂಡಿದ್ದಾವೋ ಎಂದಳು. ಕುದಿವ ನೀರಿನಲ್ಲಿ ಹಾಕಿದ ಮೇಲೆ ಹಿಂದಿನವರ ಅಂಟು ಯಾವುದೂ ಉಳಿಯುವುದಿಲ್ಲ ಎಂದು ವಿವರಿಸಿದೆ.

"ಕುದಿಸಿದ್ರೆ ಎಲ್ಲಾ ಶುದ್ಧ ಆಗ್ತದೇನು?"

"ಆಗ್ತದೆ ಅತ್ತೆ."

"ಹಂಗಾರೆ ನನ್ನ ಲಿಂಗಾನೂ ಅದರಾಗೆ ಹಾಕಿ ತೆಗೆದು ನನ್ನ ಕೈಗೆ ಕೊಡ್ರಿ. ಬಿಚ್ಚಿ ಇಡಾಕೆ ಮಾತ್ರ ನಾ ಒಪ್ಪಲ್ಲ."

ಆ ನೋವಿನಲ್ಲೂ ಅವಳು ನನ್ನನ್ನು ನನ್ನ ಮಾತಿನಲ್ಲೇ ಕಟ್ಟಿಹಾಕಿದ್ದಳು. ನರ್ಸಮ್ಮ ಮುಖ ತಿರುಗಿಸಿ ನಕ್ಕಳು. ಲಿಂಗದ ಮೇಲಿನ ಕಪ್ಪು ಲೇಪ ಕುದಿಸಿದರೆ ಬಿರಿಯುತ್ತದೆ ಎಂದು ಡಾಕ್ಟರು ಒಂದು ದಾರಿ ಹೇಳಿದರು. ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಅಂಗೈಗೆ ಕಟ್ಟುವುದು. ಆಗ ಅದು ಮೈಮೇಲೇ ಇದ್ದ ಹಾಗೆ. ಮದ್ದು ಏರುವಾಗ ರೋಗಿ ಕೈಕಾಲು ಬಡಿಯುವುದರಿಂದ, ನಿದ್ದೆ ಬಂದ ಮೇಲೆ ಕಟ್ಟುವುದು. ದಿನಾ ಪೂಜೆಯಲ್ಲಿ ಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯಲ್ಲೇ ಆದ್ದರಿಂದ ಎಡಗೈಗೇ ಕಟ್ಟಿ ಎಂದಳು ಅತ್ತೆ. ನಾನು ಕಂಡ ಚರ್ಚೆಗಳಲ್ಲಿ ಎಲ್ಲರೂ ಗೆದ್ದದ್ದು ಅದೊಂದೇ.

ತನ್ನವರೊಬ್ಬರು ಹತ್ತಿರ ಇರಬೇಕೆಂದು ಅವಳು ಹಟ ಹಿಡಿದದ್ದರಿಂದ ನನ್ನ ಕೈಗೊಂದು ಟಾರ್ಚು ಕೊಟ್ಟು ಒಳಗೆ ನಿಲ್ಲಿಸಿಕೊಂಡರು. ನರ್ಸಮ್ಮ ಅವಳ ಮೈ ತೊಳೆದು ಬಿಳಿ ಬಟ್ಟೆ ಹೊದಿಸಿದಳು. ಡಾಕ್ಟರು, ಕಾಂಪೌಂಡರು, ನರ್ಸಮ್ಮ, ನಾನು, ನಾಲ್ವರೂ ಸೇರಿ ಮೇಜಿನ ಮೇಲೆ ಎತ್ತಿ ಮಲಗಿಸಿದೆವು. ಕಾಂಪೌಂಡರು ಮೂಗಿನ ಮೇಲೆ ತಂತಿಯ ಮುಸುಕಿಟ್ಟು ಈಥರ್ ತೊಟ್ಟಿಕ್ಕಿಸಿದರು. ಅವಳು ಷಡಕ್ಷರಿ ಮಂತ್ರ ಹೇಳುತ್ತಿದ್ದಳು. ಮಾತು ದಪ್ಪವಾಗುತ್ತ ಹೋಗಿ ಒಂದು ಅಕ್ಷರದ ಮಧ್ಯೆ ನಿಂತಿತು. ಬಲಗೈ ಮುಷ್ಟಿ ತಾನಾಗಿ ಬಿಚ್ಚಿತು. ನಿದ್ದೆ ಬರುವ ತನಕ ಅವಳು ಅದರೊಳಗೆ ಹಿಡಿದಿದ್ದ ಲಿಂಗವನ್ನು ನರ್ಸಮ್ಮ ಎತ್ತಿ ಬಟ್ಟೆಯಲ್ಲಿ ಸುತ್ತಿ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿ ಕಟ್ಟಿದಳು.

ಬೀರುವಿನ ಮುಂದೆ ನಾನು ಮೆಚ್ಚಿದ್ದ ಪ್ರತಿಯೊಂದೂ ಅಂದು ಅವಳೊಳಗೆ ಹೋಗಿ ಬಂತು. ಚಾಕು ಎಳೆದ ಗೆರೆಯಲ್ಲಿ ರಕ್ತ ಪುಟಿದ ಕಡೆಯೆಲ್ಲ ಆ ಫೋರ್ಸೆಪ್ಸುಗಳು ಕಟಕ್ ಕಟಕ್ ಎಂದು ಕಚ್ಚಿ ನಿಂತವು. ಆ ಕಡ್ಡಿ ಬಳೆಯ ಕೆಳಗೆ ತೂರಿತು, ಅದರ ಕಾಲುವೆಯಲ್ಲಿ ಚಾಕು ಜಾರಿತು, ನೀಲಿಗಟ್ಟಿದ್ದ ಕರುಳು ನೋಡನೋಡುತ್ತ ಕೆಂಪಗಾಯಿತು. ಡಾಕ್ಟರು ನಿಟ್ಟುಸಿರು ಬಿಟ್ಟು, ಬದುಕಿತು ಎಂದರು. ಅವರು ಹೇಳಿದ್ದು ಕರುಳಿನ ಮಾತು.

ಎಚ್ಚರವಾದ ಮೇಲೆ ಅತ್ತೆ ನೀರು ಕೇಳಲಿಲ್ಲ. ಎಡಗೈಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಯಾರು ಕಟ್ಟಿದರು ಎಂದು ಕೇಳಿದಳು, ಹೇಳಿದೆ. ಆಗ ತನಗೆ ಎಚ್ಚರ ಇತ್ತಾ ಎಂದು ಕೇಳಿದಳು; ಇರಲಿಲ್ಲ ಎಂದೆ. ಕಣ್ಣು ಮುಚ್ಚಿಕೊಂಡಳು.

ಹೊಲಿಗೆ ಬಿಚ್ಚಿ ಮನೆಗೆ ಕರಕೊಂಡು ಬಂದ ದಿನ ತಟ್ಟೆಯಲ್ಲಿ ಗಂಜಿ ಹಾಕಿ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ಏನಾಯಿತು ಎಂದು ಮತ್ತೆ ಮತ್ತೆ ಕೇಳಿದ ಮೇಲೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದಳು:

"ಮೈ ತೊಳದ್ರಿ. ಬಿಳೀ ಬಟ್ಟೆ ಹೊದಿಸಿದ್ರಿ. ನಾಕು ಜನ ಎತ್ತಿದ್ರಿ. ಉಸಿರು ತಪ್ಪಿದ ಮ್ಯಾಲೆ ಬ್ಯಾರೇದೋರು ನನ್ನ ಎಡಗೈಗೆ ಲಿಂಗ ಇಟ್ಟು ಬೆರಳು ಮಡಿಚಿದ್ರು. ಇದನ್ನ ಯಾರಿಗೆ ಮಾಡ್ತಾರೆ, ನೀನೇ ಹೇಳು."

ಬದುಕಿರುವವರು ಲಿಂಗವನ್ನು ತಮ್ಮ ಕೈಯಾರೆ ತಾವೇ ಅಂಗೈಗೆ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ಇಡುವುದು ಒಮ್ಮೆ ಮಾತ್ರ, ಸಮಾಧಿಯಲ್ಲಿ ಕೂರಿಸಿದ ಮೇಲೆ. ಅಜ್ಜನಿಗೆ ಹಾಗೆ ಇಟ್ಟದ್ದನ್ನು ನಾನೇ ಕಂಡಿದ್ದೆ. ಅಷ್ಟು ಮಾತಾಡಿದ ನಮ್ಮಲ್ಲಿ ಯಾರಿಗೂ, ಅವಳಿಗೂ, ಅದು ಹೊಳೆದಿರಲಿಲ್ಲ.

ಅಂದಿನಿಂದ ಅವಳು ತನ್ನ ವಾದದ ಪ್ರಕಾರ ನಡೆದಳು. ದೀಪ ಹಚ್ಚಲಿಲ್ಲ. ಲಿಂಗಪೂಜೆ ಮಾಡಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಸಮಾಧಿಯಲ್ಲಿ ಕೂರಿಸಿದವರ ಹಾಗೆ, ಗೋಡೆಗೊರಗಿ ಕೂತಿರುತ್ತಿದ್ದಳು. ತಟ್ಟೆ ಇಟ್ಟು ನಾನು ಶಾಲೆಗೆ ಹೋದರೆ, ಸಂಜೆ ಅದರ ಅಂಚಿನಲ್ಲಿ ಒಂದೆರಡು ತುತ್ತು ಕಡಿಮೆಯಾಗಿರುತ್ತಿತ್ತು, ಎಡೆ ಇಟ್ಟ ಕಡೆ ಕಾಗೆ ಮುಟ್ಟಿಹೋದಷ್ಟು. ನಾನು ಮನೆಯಲ್ಲಿರುವಾಗ ಅವಳ ನಡಿಗೆಯ ಸದ್ದು ಕೇಳುತ್ತಿರಲಿಲ್ಲ. ತಿರುಗಿ ನೋಡಿದರೆ ಗೋಡೆಯ ಹತ್ತಿರ ಇರುತ್ತಿದ್ದಳು; ಮತ್ತೆ ತಿರುಗಿದರೆ ಬಾಗಿಲ ಹತ್ತಿರ. ಹಗಲು ಹೊತ್ತಿನಲ್ಲೇ ನನಗೆ ಒಳಗೆ ಹೋಗಲು ಹಿಂಜರಿಕೆಯಾಗತೊಡಗಿತು.

ಅಪ್ಪ ಜಡೆಯಿಂದ ಮಠದ ಅಯ್ಯನವರನ್ನು ಕರಕೊಂಡು ಬಂದ. ವೈದ್ಯಕ್ಕಾಗಿ ಮಾಡಿದ್ದಕ್ಕೆ ದೋಷವಿಲ್ಲ ಎಂದು ಅವರು ಸಮಾಧಾನ ಹೇಳಿದರು. ಅತ್ತೆ ತಲೆಬಾಗಿ ಕೇಳಿಸಿಕೊಂಡು, ಬುದ್ಧಿ, ತಾವು ಹೇಳೋದು ಇದ್ದೋರಿಗೆ ಸರಿ ಎಂದಳು.

ಡಾಕ್ಟರು ತಮ್ಮ ಚೀಲ ತಂದರು. ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ಬಿಸಿ ತೋರಿಸಿದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ನಾಡಿಯ ಜೊತೆ ಪಾದರಸ ಕುಣಿಯುವುದನ್ನು ತೋರಿಸಿದರು. ಹೊಲಿಗೆ ಬಿಚ್ಚುವಾಗ ನೋವಾಯಿತೆಂದಿದ್ದಳಲ್ಲ, ಸತ್ತವರಿಗೆ ನೋವಾಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದು ನಿಮಗೆ ಯಾರು ಬಂದು ಹೇಳಿದರು ಎಂದು ಅವಳು ಕೇಳಿದಳು. ಕೊನೆಗೆ ಅವರು ಸ್ಟೆತಸ್ಕೋಪನ್ನು ಅವಳ ಕಿವಿಗೇ ಹಾಕಿ, ಇನ್ನೊಂದು ತುದಿಯನ್ನು ಅವಳ ಎದೆಗೆ ಒತ್ತಿ ಹಿಡಿದರು. ಬಹಳ ಹೊತ್ತು ಕೇಳಿದಳು.

"ಬಡಕೊಳ್ತಾ ಐತೆ," ಎಂದಳು. "ನಿಮ್ಮ ಗ್ವಾಡೆ ಗಡಿಯಾರನೂ ಹಿಂಗೇ ಬಡಕೊಳ್ತದೆ."

ಹೊರಗೆ ಬಂದು ಡಾಕ್ಟರು, ಗಾಯ ಚೆನ್ನಾಗಿ ಮಾಯ್ದಿದೆ, ಆದರೆ ಹೀಗೇ ಬಿಟ್ಟರೆ ಸಂಕ್ರಾಂತಿ ನೋಡುವುದಿಲ್ಲ ಎಂದರು.

ಸುದ್ದಿ ಕೇರಿಗೆ ಹಬ್ಬಿತ್ತು. ಮೊದಲು ನಕ್ಕವರು ಆಮೇಲೆ ಬರತೊಡಗಿದರು. ಪಕ್ಕದ ಮನೆಯ ಹೆಂಗಸು ಒಂದು ಮಧ್ಯಾಹ್ನ ಬಾಗಿಲ ಹೊರಗೇ ಕೂತು ಪಿಸುಗುಟ್ಟಿದ್ದನ್ನು ಕೇಳಿದೆ: "ಅಲ್ಲೆ ನಮ್ಮ ಮನಿಯವ್ರು ಸಿಕ್ಕಿದ್ರೇನ್ರೀ ಅಮ್ಮಾ? ಹೋಗಾಗ ಸಿಟ್ಟು ಮಾಡ್ಕೊಂಡು ಹೋದ್ರು." ಅತ್ತೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಾನು ಆ ಹೆಂಗಸನ್ನು ಬೈದು ಕಳಿಸಿದೆ. ಆ ಪ್ರಶ್ನೆ ಎಷ್ಟೋ ದಿನದಿಂದ ನನ್ನ ಬಾಯಲ್ಲೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳ ಮುಂದೆ ಕೂತೆ. ಮಣಿಕಟ್ಟಿನ ಎಲುಬು ಎದ್ದು ಕಾಣುತ್ತಿತ್ತು. ನಾನು ಸಿದ್ಧಮಾಡಿಕೊಂಡು ಬಂದದ್ದು ಬೇರೆ ವಾದ: ಸತ್ತವರು ವಾದಿಸುವುದಿಲ್ಲ, ನೀನು ವಾದಿಸುತ್ತೀ, ಆದ್ದರಿಂದ ಇತ್ಯಾದಿ. ಅದು ಬಾಯಿಗೆ ಬರಲೇ ಇಲ್ಲ.

"ಅತ್ತೆ, ಅವ್ವ ಸಿಕ್ಕಿದ್ಲಾ?"

ಅವಳು ನನ್ನನ್ನು ನೋಡಿದಳು. ಆಪರೇಷನ್ ಆದ ಮೇಲೆ ಮೊದಲ ಸಲ ನನ್ನ ಮುಖವನ್ನೇ ನೋಡಿದಳು. ಅವಳು ಎಂದೂ ನನಗೆ ಸುಳ್ಳು ಹೇಳಿದವಳಲ್ಲ; ಅವ್ವ ಎಲ್ಲಿ ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೂ ಊರಿಗೆ ಹೋಗಿದ್ದಾಳೆ ಎನ್ನದೆ, ಮಣ್ಣಿನಲ್ಲಿದ್ದಾಳೆ ಎಂದವಳು.

"ಇಲ್ಲ ಮಗಾ. ಅಲ್ಲಿ ಯಾರೂ ಇರಲಿಲ್ಲ. ಕತ್ತಲೆನೂ ಇರಲಿಲ್ಲ."

ಇದೇ ನನ್ನ ಪಕ್ಷ. ವೇದಿಕೆಯ ಮೇಲೆ ನಿಂತು ನಾನು ಎಷ್ಟೋ ಸಲ ಸಾಧಿಸಿದ ಮಾತು. ಅಲ್ಲಿಗೆ ಹೋಗಿ ಬಂದೆ ಎನ್ನುವವಳ ಬಾಯಿಂದ ಅದನ್ನು ಕೇಳಿದಾಗ ಅದು ಸುಳ್ಳಾಗಲಿ ಎನಿಸಿತು. ನನ್ನ ಮುಖ ಹೇಗಾಗಿತ್ತೋ, ಅವಳು ಬೆನ್ನನ್ನು ಗೋಡೆಯಿಂದ ಬಿಡಿಸಿ ಮುಂದಕ್ಕೆ ಬಾಗಿ ನನ್ನ ಗದ್ದ ಹಿಡಿದಳು. ಕೈ ಬೆಚ್ಚಗಿತ್ತು.

"ಅವಳು ಇದ್ದಿದ್ರೆ ನಾ ಬಂದಿದ್ದು ಗೊತ್ತಾಗಿ ಓಡಿ ಬರ್ತಿದ್ಲು ಕಣೋ. ಮಗ ಹೆಂಗಿದಾನೆ ಅಂತ ಕೇಳದೆ ಇರ್ತಿದ್ಲಾ? ಸಿಗಲಿಲ್ಲ ಅಂದ್ರೆ ನಾನು ಅಲ್ಲಿ ತನಕ ಹೋಗೇ ಇಲ್ಲ. ನಡುವೆ ಎಲ್ಲೋ ನಿಂತಿದ್ದೆ."

ಆ ಮಾತಿನಲ್ಲಿ ಎಷ್ಟು ತೂತುಗಳಿದ್ದವು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಇಷ್ಟು ದಿನ ಡಾಕ್ಟರಿಂದಾಗಲಿ ಅಯ್ಯನವರಿಂದಾಗಲಿ ಅಂಥದೊಂದು ಸಡಿಲ ಮಾತನ್ನು ಅವಳು ಒಪ್ಪಿದವಳಲ್ಲ. ನನ್ನ ಅವ್ವ ಎಲ್ಲೋ ಇದ್ದಾಳೆ ಎಂದು ಉಳಿಸಿಕೊಡಲು, ಅವಳು ತನ್ನ ಇಡೀ ವಾದವನ್ನು ಕೈಯಾರೆ ಬಿಟ್ಟುಕೊಟ್ಟಳು.

ಗೋಡೆ ಹಿಡಿದುಕೊಂಡು ಎದ್ದಳು. ಅನ್ನ ಇದೆಯೇ ಎಂದು ಕೇಳಿದಳು; ನಿನ್ನೆಯದು ಇದೆ ಎಂದೆ. ಮುಖ ತೊಳೆದು, ಕೊರಳ ಕರಡಿಗೆ ಬಿಚ್ಚಿ, ಬಲಗೈಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತಳು. ಆಮೇಲೆ ತಂಗಳನ್ನಕ್ಕೆ ಮಜ್ಜಿಗೆ ಹಾಕಿ ಕಲಸಿ ತಟ್ಟೆ ಬರಿದಾಗುವ ತನಕ ಉಂಡಳು.

ಈಗ ಜಡೆಯಲ್ಲಿ ಗಟ್ಟಿಯಾಗಿದ್ದಾಳೆ. ಅಪ್ಪನ ಜೊತೆ ದಿನವೂ ಜಗಳವಾಡುತ್ತಾಳಂತೆ. ಅಂದಿನ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಶಾಲೆಯ ಮಕ್ಕಳು ಚರ್ಚಾಸ್ಪರ್ಧೆಗೆ ವಿಷಯ ಕೇಳಿಕೊಂಡು ಬರುತ್ತಾರೆ. ಸಾವಿನ ಆಚೆ ಏನಾದರೂ ಇದೆಯೇ ಎಂಬುದನ್ನು ನಾನು ಕೊಡುವುದಿಲ್ಲ. ಮಕ್ಕಳಲ್ಲಿ ಯಾರಾದರೂ ಕಾರಣ ಕೇಳಿದರೆ, ಆ ವಿಷಯದಲ್ಲಿ ಎರಡು ಪಕ್ಷಕ್ಕೂ ಸಾಕ್ಷಿ ಹೇಳಿದವರು ಒಬ್ಬರೇ, ಅವರು ಎರಡನೆಯದನ್ನು ಹೇಳಿದ್ದು ನನ್ನ ಮುಖ ನೋಡಿ ಎಂದು ಹೇಗೆ ಹೇಳಲಿ?