ಸಕ್ಕರೆಗೆ ವೆಲ್ಡಿಂಗು

ಒಡಹುಟ್ಟಿದ ತಮ್ಮ ತನ್ನ ಮನೆಯ ಊಟದ ಮೇಜಿನ ಬಳಿ ಎಲ್ಲರೆದುರು ಆಡಿದ ಮಾತು ಫ್ರಿಜ್ ರಿಪೇರಿಯವನಿಗೆ ಇನ್ನೂ ಅರಗಿಲ್ಲ: "ಏನಣ್ಣಾ, ಸಕ್ಕರೆಗೂ ವೆಲ್ಡಿಂಗ್ ಮಾಡ್ತೀಯಾ?"

ಕ್ರೆಮ್ ಬ್ರೂಲೆ ಎಂಬ ಫ್ರೆಂಚರ ಸಿಹಿತಿಂಡಿಯನ್ನು ಅವನು ಸುಲಭವಾಗಿಯೇ ಮಾಡಿದ್ದ. ಕೆನೆ, ಮೊಟ್ಟೆಯ ಹಳದಿ, ಸಕ್ಕರೆ ಕಲಸಿ, ಕಪ್ಪುಗಳಲ್ಲಿ ಹಬೆಗಿಟ್ಟು, ಆರಿಸಿ, ಮೇಲುದುರಿಸಿದ ಸಕ್ಕರೆಯನ್ನು ಫ್ರಿಜ್ಜಿನ ಕೊಳವೆ ಬೆಸೆಯುವ ತನ್ನ ಗ್ಯಾಸ್ ಟಾರ್ಚಿನ ಉರಿಯಿಂದಲೇ ಕೆಂಪಗೆ ಸುಟ್ಟಿದ್ದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಮ್ಮನ ಹೆಂಡತಿ ಮಾತ್ರ ಕಪ್ಪಿನ ತಳ ಕೆರೆಯುತ್ತಾ, "ಭಾವ, ನಂಗಿನ್ನೊಂದು!" ಎಂದಳು.

"ನಿನ್ ಗಂಡನ್ನೇ ಕೇಳು!" ಎಂದು ಟಾರ್ಚು ಎತ್ತಿಕೊಂಡು ಹೊರಟವನು ಮತ್ತೆ ಆ ಮನೆ ಮೆಟ್ಟಿಲು ತುಳಿಯಲಿಲ್ಲ.

ಈಗ ಪ್ರತಿ ಭಾನುವಾರ ಒಬ್ಬನೇ ಎರಡು ಕಪ್ಪು ಮಾಡುತ್ತಾನೆ: ತನಗೊಂದು, ತಮ್ಮನ ಹೆಂಡತಿಗೊಂದು. ಸುಟ್ಟು ಒಯ್ದರೆ ಬಸ್ಸಿಳಿಯುವಷ್ಟರಲ್ಲಿ ಸಕ್ಕರೆ ಮೆತ್ತಗಾಗುತ್ತದೆ; ಟಾರ್ಚು ಒಯ್ದರೆ ತಮ್ಮ ಮತ್ತೆ ನಗುತ್ತಾನೆ. ನಿಂತೇ ಎರಡನ್ನೂ ತಿನ್ನುತ್ತಾನೆ. ಅವಳ ಆ ಒಂದು ಕಪ್ಪು ಬಾಕಿಯಾಗಿಯೇ ಉಳಿದಿದೆ.