ಯಂತ್ರ ಬಿಡದ ಸಪ್ಪಳ

ನಮ್ಮದು ನವಲಗುಂದದಲ್ಲಿ ನಾಲ್ಕು ತಲೆಮಾರಿನಿಂದ ಹೆಸರುಳ್ಳ ಮನೆತನ. ಊರಿನ ಜಗಳ ನಮ್ಮ ಮಾವನವರ ಒಂದು ಮಾತಿಗೆ ಮುಗಿಯುತ್ತಿತ್ತು. ನಾನೂ ಕಾನ್ವೆಂಟಿನಲ್ಲಿ ಓದಿದವಳು; ಸುಳ್ಳು ಹೇಳಿ ಅಭ್ಯಾಸವಿಲ್ಲ.

ಹೋದ ವರ್ಷ, ನಾನು ಮುಖ್ಯೋಪಾಧ್ಯಾಯಿನಿಯಾಗಿರುವ ಹೆಣ್ಣುಮಕ್ಕಳ ಶಾಲೆಗೆ ಕಿವಿ ಪರೀಕ್ಷೆಯವರು ಬಂದರು. ರೇಡಿಯೋದಷ್ಟು ದೊಡ್ಡ ಯಂತ್ರಕ್ಕೆ ಹುಡುಗಿಯರು ಹೆದರಿದ್ದರಿಂದ ಮೊದಲು ನಾನೇ ಕುಳಿತೆ. ಎರಡೂ ಕಿವಿಗೆ ಮುಚ್ಚಳ ಹಾಕಿ, ಸಪ್ಪಳ ಕೇಳಿದಾಗಲೆಲ್ಲ ಗುಂಡಿ ಒತ್ತಿರಿ ಎಂದರು. ಒತ್ತುತ್ತ ಹೋದೆ.

ತರುಣ ಡಾಕ್ಟರು ಮುಚ್ಚಳ ತೆಗೆದರು. “ಅಕ್ಕಾವ್ರ, ಈಗ ಯಾಕ ಒತ್ತಿದ್ರಿ? ನಾ ಸಪ್ಪಳಾನ ಬಿಟ್ಟಿಲ್ಲ.”

“ಕೇಳಿಸ್ತು, ಅದಕ್ಕ ಒತ್ತೀನಿ.”

“ಸುಳ್ಳ ಯಾಕ ಹೇಳ್ತೀರಿ? ಹುಡುಗ್ಯಾರು ನೋಡಾಕತ್ತಾರ.”

ಹುಡುಗಿಯರು ಕಿಸಕ್ಕನೆ ನಕ್ಕರು.

ನಮ್ಮ ಮನೆಯ ಗಂಡಸರು ಹೊಸ್ತಿಲ ಹೊರಗೆ ಒಮ್ಮೆ ಕೆಮ್ಮಿಯೇ ಒಳಗೆ ಬರುವುದು. ಆ ಕೆಮ್ಮು ಕೇಳಿ ನಾನು ಚಹಾಕ್ಕೆ ಇಡುತ್ತಿದ್ದೆ. ಯಜಮಾನರು ಹೋಗಿ ಮೂರು ವರ್ಷ. ಮುಚ್ಚಳದೊಳಗಿನ ನಿಶ್ಶಬ್ದದಲ್ಲಿ ನನಗೆ ಕೇಳಿಸಿದ್ದು ಅದೇ ಕೆಮ್ಮು. ಇದ್ದದ್ದನ್ನು ಹೇಳಿದೆ.

ಡಾಕ್ಟರು ಮೆತ್ತಗಾದರು. “ಕಿವಿ ಸಪ್ಪಳಾ ಮುಟ್ಟಸ್ತೈತಿ ಅಷ್ಟರಿ. ಕೇಳೂದು ಮೆದುಳು. ಒಂದ ಸಪ್ಪಳಕ್ಕ ಭಾಳ ದಿನಾ ಕಾದ್ರ ಅದು ತಾನ ಕೇಳಿಸ್ಕೋತೈತ್ರಿ.”

“ಹಂಗಾದ್ರ ನಾ ಕೇಳಿದ್ದು ಖರೇನ ಆತಲ್ಲ?”

ಅವರು ‘ಕಿವಿ ಸರಿ ಇವೆ’ ಎಂದು ಚೀಟಿ ಬರೆದರು. ಇನ್ನೊಂದು ಸಲ ಮುಚ್ಚಳ ಹಾಕಿರೆಂದು ಕೇಳುವ ಆಸೆಯಾಯಿತು. ಹಿಂದೆ ಅರವತ್ತು ಹುಡುಗಿಯರು ನಿಂತಿದ್ದರು, ಎದ್ದುಬಂದೆ.

ಅವರು ಒಳ್ಳೆಯ ಡಾಕ್ಟರೇ ಇರಬಹುದು. ಆದರೂ ಅದೇ ಹುಡುಗಿಯರ ಎದುರು ನನ್ನ ಕ್ಷಮೆ ಕೇಳಬೇಕು.