ಕೊಂಡಿಯ ಕೀಲಿನ ಕೆಂಪು

ಮಹಾದೇವಣ್ಣ, ಆ ಕೊಂಡಿಯ ಕೀಲಿನಲ್ಲಿದ್ದದ್ದು ಖಾನಾಪುರದ ಕೆಂಪು ಮಣ್ಣಲ್ಲ, ಕುಂಕುಮ. ಹಚ್ಚಿದವನು ನಾನು. ಗೊತ್ತಿದ್ದೂ ತಪ್ಪನ್ನು ನಿಮ್ಮ ಮೇಲೆ ಹಾಕಿದೆ.

ನನ್ನ ಸ್ವಭಾವ ನಿಮಗೆ ಗೊತ್ತು. ಅಳೆದ ಹಾಲನ್ನು ಮತ್ತೆ ಅಳೆಯುವವನು, ರವಿವಾರ ಪೇಟೆಯಲ್ಲಿ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದವನು. ‘ತಾ ಕಳ್ಳ ಪರರ ನಂಬ’ ಎಂದು ನೀವೇ ಚೇಷ್ಟೆ ಮಾಡುತ್ತಿದ್ದಿರಿ. ನಾವಿಬ್ಬರೂ ಮಕ್ಕಳಿಗೆ ಬಂಡೆ ಹತ್ತಲು ಕಲಿಸುತ್ತಿದ್ದಾಗ, ಆ ಸಾಮಾನಿನ ವಿಷಯದಲ್ಲಿ ಮಾತ್ರ ನಿಮ್ಮನ್ನು ನಂಬಿದ್ದೆ. ಹಗ್ಗ ಸಿಕ್ಕಿಸುವ ಆ ಅಲ್ಯೂಮಿನಿಯಂ ಕೊಂಡಿಗಳನ್ನು ನೀವು ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಿ, ನೆರಳಲ್ಲಿ ಒಣಗಿಸಿ, ಕೀಲಿಗೆ ತೆಳು ಎಣ್ಣೆ ಒಂದೇ ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸುತ್ತಿದ್ದಿರಿ. ಸ್ಪ್ರಿಂಗಿನ ಬಾಗಿಲು ಒತ್ತಿ ಬಿಟ್ಟಾಗ ತಾನೇ ‘ಟಕ್’ ಎಂದು ಮುಚ್ಚಿದರೆ ಮಾತ್ರ ಕೊಂಡಿ ಚೀಲಕ್ಕೆ ಹೋಗುತ್ತಿತ್ತು.

ಆ ಸಲವೂ ಹಾಗೆಯೇ ತೊಳೆದು, ಚೀಲವನ್ನು ಬೆಳಗಾವಿಯ ನಮ್ಮ ಮನೆಯಲ್ಲಿಟ್ಟು ಹೋದಿರಿ. ಮರುದಿನ ಖಂಡೇನವಮಿ. ಸ್ಕೂಟರು, ಈಳಿಗೆ, ಸುತ್ತಿಗೆ ಎಲ್ಲ ಪೂಜೆಗೆ ಕೂತಿದ್ದವು — ಮಕ್ಕಳ ಜೀವ ಕಾಯುವ ಕೊಂಡಿಗಳಿಗೇ ಏಕಿಲ್ಲ ಎನಿಸಿತು. ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರಿ, ಕುಂಕುಮ ಹಚ್ಚಿ ಕೈಮುಗಿದೆ. ನೀವು ಬೈಯುತ್ತೀರೆಂದು ಆಮೇಲೆ ಬಟ್ಟೆಯಿಂದ ಮೇಲೆಮೇಲೆ ಒರೆಸಿ ಚೀಲಕ್ಕೆ ತುಂಬಿದೆ. ಒಳಗೆ, ಕೀಲಿನಲ್ಲಿ — ನೋಡಲೇ ಇಲ್ಲ.

ಖಾನಾಪುರದ ಬಂಡೆಯ ಮೇಲೆ ನಮ್ಮ ತಂಡದ ಹುಡುಗಿ ರೇವತಿಯ ಹಗ್ಗವನ್ನು ಆ ಕೊಂಡಿಗೆ ಸಿಕ್ಕಿಸಿದವನೂ ನಾನೇ. ‘ಟಕ್’ ಎಂದಿತೇ? ಕೇಳಿಸಿಕೊಳ್ಳಲಿಲ್ಲ. ಎಣ್ಣೆ, ಕುಂಕುಮ ಅಂಟಾಗಿ ಬಾಗಿಲು ಅರ್ಧಕ್ಕೇ ನಿಂತಿತ್ತು. ಹುಡುಗಿಯ ಕಾಲು ಜಾರಿದಾಗ ಹಗ್ಗ ಕಳಚಿತು. ಕೆಳಗಿನ ಇನ್ನೊಂದು ಕೊಂಡಿ ಅವಳನ್ನು ಹಿಡಿಯಿತು, ಆದರೆ ಅಷ್ಟರಲ್ಲಿ ಬಂಡೆಗೆ ಬಡಿದು ಭುಜದ ಎಲುಬು ಮುರಿದಿತ್ತು.

ಅವಳ ತಂದೆ ಆ ಕೊಂಡಿ ಹಿಡಿದುಕೊಂಡು, “ಇದನ್ನ ಯಾರು ತೊಳದಿದ್ರು?” ಎಂದು ಕೇಳಿದರು. ಕೀಲಿನ ಕೆಂಪು ಕಂಡ ಕೂಡಲೇ ನನಗೆ ಎಲ್ಲ ತಿಳಿಯಿತು.

“ಮಾದೇವಣ್ಣನ ತೊಳದಿದ್ರು. ಕೆಂಪ ಮಣ್ಣು ಹಂಗ ಉಳದೈತಿ ನೋಡ್ರಿ,” ಎಂದೆ.

ನೀವು ಕೊಂಡಿ ಈಸಿಕೊಂಡು ಕೀಲನ್ನು ಬೆರಳಿನಿಂದ ತಿಕ್ಕಿದಿರಿ. ಬೆರಳು ಮೂಗಿನ ಹತ್ತಿರ ಹಿಡಿದಿರಿ. ನನ್ನನ್ನು ನೋಡಿ, “ಹಂಗಾರ ಹಂಗ ಇರಲಿ ಬಿಡ್ರಿ,” ಎಂದು ಅದನ್ನು ನನ್ನ ಕೈಗಿಟ್ಟಿರಿ. ಆಮೇಲೆ ಯಾರೂ ತಮ್ಮ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸಲಿಲ್ಲ. ನೀವು ಬಂಡೆಯ ಕಡೆ ಬರುವುದನ್ನೇ ಬಿಟ್ಟಿರಿ.

ನಿಮಗೆ ಗೊತ್ತಾಗಿತ್ತೇ? ಗೊತ್ತಿದ್ದರೆ ಸುಮ್ಮನಿದ್ದದ್ದು ಏಕೆ — ಇಷ್ಟು ವರ್ಷ ಅದೇ ಸಂಶಯ. ಆಟೋ ನಗರದಲ್ಲಿ ನೀವು ಎದುರಾದರೆ ಗಾಡಿಯನ್ನು ಬಾಜು ಓಣಿಗೆ ತಿರುಗಿಸಿದ್ದೇನೆ. ನೀವು ಯಾರೊಡನೆಯೋ ನಕ್ಕರೆ ನನ್ನದೇ ಮಾತು ನಡೆದಿದೆ ಎನಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬದುಕಿದೆ.

ಇನ್ನೂ ಒಂದಿದೆ. ಪ್ರತಿ ಹೊಸ ತಂಡಕ್ಕೂ, ಮಣ್ಣು ತೊಳೆಯದೆ ಹುಡುಗಿಯ ಭುಜ ಮುರಿಸಿದ ಒಬ್ಬರ ಕಥೆ ಹೇಳುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ — ಅದನ್ನೇ ನನ್ನ ದೊಡ್ಡತನ ಎಂದುಕೊಂಡಿದ್ದೆ.

ಈ ಸಲದ ತಂಡದಲ್ಲಿ ನಿಮ್ಮ ಮಗಳು ಶಿವಲೀಲಾ ಇದ್ದಾಳೆ. ನೀವಾಗಿಯೇ ಕಳಿಸಿದಿರೋ, ಏಕೆ ಕಳಿಸಿದಿರೋ — ಅದೂ ಸಂಶಯವೇ. ಕಥೆ ಮುಗಿದ ಮೇಲೆ ಅವಳು ಎಲ್ಲರ ಮುಂದೆ ಕೇಳಿದಳು: “ಸರ್, ಅವ್ರು ನಮ್ಮ ಅಪ್ಪಾನ ಏನ್ರೀ?”

“ಹಗ್ಗ ಸುತ್ತಿಡು,” ಎಂದೆ. ಅವಳು ಸುತ್ತಿಟ್ಟಳು. ಆಮೇಲೆ ಒಂದೊಂದು ಕೊಂಡಿಯನ್ನೂ ಕಿವಿಯ ಹತ್ತಿರ ಹಿಡಿದು, ಬಾಗಿಲು ಒತ್ತಿ ಬಿಟ್ಟು ಚೀಲಕ್ಕೆ ಹಾಕಿದಳು.

ನಾಳೆ ರೇವತಿಯ ಮನೆಗೆ ಹೋಗಿ ನಿಜ ಹೇಳುತ್ತೇನೆ. ರವಿವಾರ ಅದೇ ಬಂಡೆಯ ಕೆಳಗೆ, ಅದೇ ಮಕ್ಕಳ ಮುಂದೆ, ನಿಮ್ಮ ಹೆಸರೂ ನನ್ನ ಹೆಸರೂ ಹೇಳುತ್ತೇನೆ. ನೀವು ಬನ್ನಿ ಎನ್ನುವ ಮುಖ ನನಗಿಲ್ಲ. ಆ ಕೊಂಡಿ ಇನ್ನೂ ನನ್ನಲ್ಲಿದೆ, ತೊಳೆದಿಲ್ಲ. ಅದನ್ನು ಮೊದಲು ಶಿವಲೀಲಾಳ ಕೈಗೇ ಕೊಡುತ್ತೇನೆ.